ಮಲೆನಾಡಿನ ಸೈಕಲ್ ಪ್ರವಾಸದಲ್ಲಿ ವಿಶ್ರಾಂತಿಗೆ ಯಾವ ಊರು?

ಅರ್ಧದಾರಿ

ಎಲ್ಲರಿಗೂ ನಮಸ್ಕಾರ. ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ, ಮೈಸೂರಿನಿಂದ ಬೆಳಗಾವಿಗೆ ಸೈಕಲ್‌ನಲ್ಲಿ ಹೊರಡುತ್ತಿದ್ದೇನೆ. ಬಯಲುಸೀಮೆಯ ಹೆದ್ದಾರಿ ಬೇಡ, ಮಲೆನಾಡಿನ ಒಳಗಿಂದಲೇ ಹೋಗಬೇಕು ಅಂತ ಆಸೆ. ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ತೀರ್ಥಹಳ್ಳಿ, ಹೊಸನಗರ, ಸಾಗರ, ಸಿದ್ದಾಪುರ, ಶಿರಸಿ, ಯಲ್ಲಾಪುರ, ದಾಂಡೇಲಿ, ಹೀಗೆ. ಟೆಂಟ್ ಒಯ್ಯುತ್ತಿಲ್ಲ. ಲಾಡ್ಜ್ ಅಥವಾ ಹೋಂಸ್ಟೇ ಸಾಕು.

ದಾರಿ ಗೊತ್ತಾಗಿದೆ. ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗುತ್ತಿಲ್ಲ. ಶಿವಮೊಗ್ಗ ಜಿಲ್ಲೆ ಮುಟ್ಟುವ ಹೊತ್ತಿಗೆ ಕಾಲು ಸೋತಿರುತ್ತದೆ. ಅಲ್ಲಿ ಎರಡು ಕಡೆ ಪೂರ್ತಿ ದಿನ ವಿಶ್ರಾಂತಿ ಇಟ್ಟುಕೊಳ್ಳೋಣ ಅಂತ. ಒಬ್ಬ ಗೆಳೆಯ ಆಗುಂಬೆ ಅನ್ನುತ್ತಾನೆ, ಇನ್ನೊಬ್ಬ ಜೋಗ, ಮತ್ತೊಬ್ಬ ಕೊಡಚಾದ್ರಿ. ಆ ಕಡೆಯವರು, ದೂರ ಸೈಕಲ್ ತುಳಿದವರು ಹೇಳಿ. ವಿಶ್ರಾಂತಿ ದಿನಕ್ಕೆ ಎಂಥ ಊರು ಬೇಕು? ಆ ದಿನ ಏನು ಮಾಡುತ್ತೀರಿ?

ಸಹ್ಯಾದ್ರಿ ಸುತ್ತಾಟ

ಆಗುಂಬೆ ಅನ್ನುವುದು ನನ್ನ ಮತ. ಸಂಜೆ ಸೂರ್ಯಾಸ್ತದ ಜಾಗಕ್ಕೆ ನಡೆದು ಹೋಗಿ. ಆಕಾಶ ತಿಳಿಯಾಗಿದ್ದರೆ ಸಮುದ್ರದ ಕಡೆಯವರೆಗೂ ಕಣ್ಣು ಹೋಗುತ್ತದೆ. ಒಂದು ದಿನ ಹೆಚ್ಚು ಸಿಕ್ಕರೆ ಕೊಡಚಾದ್ರಿಯನ್ನೂ ಮುಗಿಸಿಬಿಡಿ. ಸೈಕಲ್ ತುಳಿಯದಿದ್ದರೆ ಅದೇ ವಿಶ್ರಾಂತಿ ಅಲ್ವಾ? ಇಷ್ಟು ದೂರ ಬಂದವರು ಕೋಣೆಯಲ್ಲಿ ಕೂತರೆ ಬೇಜಾರು.

ತುಂಗಾತೀರ

ಆಗುಂಬೆ ನನಗೂ ಪ್ರಾಣ. ಆದರೂ ಸುಸ್ತು ಕಳೆಯುವುದಕ್ಕೆ ಅದನ್ನು ಹೇಳಲಾರೆ. ಕಾರಣ ಹೇಳುತ್ತೇನೆ.

ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ಅದು. ಮಳೆ ನಿಂತ ಮೇಲೂ ಅಲ್ಲಿ ಥಂಡಿ ಸುಲಭಕ್ಕೆ ಬಿಡುವುದಿಲ್ಲ. ರಾತ್ರಿ ಒಗೆದು ಹಾಕಿದ ಚಡ್ಡಿ ಬೆಳಿಗ್ಗೆಯೂ ತಣ್ಣಗೆ ಅಂಟುತ್ತಿರುತ್ತದೆ. ಸಣ್ಣ ಊರು, ಅಂಗಡಿ ಕಡಿಮೆ. ಏನಾದರೂ ಬೇಕು ಅಂದರೆ ತೀರ್ಥಹಳ್ಳಿಗೇ ಬರಬೇಕು, 30 ಕಿಲೋಮೀಟರಿಗೂ ಹೆಚ್ಚು. ಇನ್ನು ಕೊಡಚಾದ್ರಿ. 1,343 ಮೀಟರ್ ಎತ್ತರದ ಬೆಟ್ಟ. ನಡೆದು ಹತ್ತಿದರೆ ಇಡೀ ದಿನ ಹೋಗುತ್ತದೆ. ಜೀಪಿನಲ್ಲಿ ಹೋದರೂ ಆ ದಾರಿಯ ಕುಲುಕಾಟಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ಇಳಿದು ಬಂದವರ ತೊಡೆ ಮಾರನೇ ದಿನ ಪೆಡಲ್ ಮೇಲೆ ಏನು ಹೇಳುತ್ತದೆ ಅಂತ ಕೇಳಿ. ಕೊಡಚಾದ್ರಿ ನೋಡಲೇಬೇಕಾದ ಜಾಗ. ಅದಕ್ಕಾಗಿ ಬೇರೆ ಪ್ರವಾಸ ಮಾಡಿ, ಪೂರ್ತಿ ಮನಸ್ಸು ಕೊಟ್ಟು ನೋಡಿ. ಸೋತ ಕಾಲಿಗೆ ಅದನ್ನು ಕಟ್ಟಬೇಡಿ.

ವಿಶ್ರಾಂತಿಗೆ ತಾಲ್ಲೂಕು ಪೇಟೆಯೇ ಸರಿ. ಜನ ತಮ್ಮ ತಮ್ಮ ಕೆಲಸದಲ್ಲಿ ಇರುವ ಊರು. ಮೆಡಿಕಲ್ ಶಾಪ್, ಸರ್ಕಾರಿ ಆಸ್ಪತ್ರೆ, ಬಸ್‌ಸ್ಟ್ಯಾಂಡ್, ಊಟದ ಮೆಸ್, ಟೈಲರ್ ಅಂಗಡಿ, ಪಂಪು ಇರುವ ಸೈಕಲ್ ಶಾಪ್, ಎಲ್ಲ ಕಾಲ್ನಡಿಗೆಯಲ್ಲಿ. ಪ್ರವಾಸಿ ಜಾಗದಲ್ಲಿ ಕೂತರೆ ತಲೆ ಸುಮ್ಮನಿರುವುದಿಲ್ಲ. ಅಲ್ಲೊಂದು ಜಲಪಾತ, ಇಲ್ಲೊಂದು ಗುಡ್ಡ, ನೋಡದೇ ಹೋಗುವುದಾ ಅಂತ ಕಾಡುತ್ತದೆ. ತೀರ್ಥಹಳ್ಳಿಯಲ್ಲಿ ಆ ಒತ್ತಡ ಇಲ್ಲ. ಲಾಡ್ಜಿನ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಪೇಪರ್ ಓದುತ್ತ ಕೂತರೂ ಯಾರೂ ಏನೂ ಕೇಳುವುದಿಲ್ಲ.

ಎರಡು ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಬೇಕು, ಇದು ಮುಖ್ಯ. ಸಂಜೆ ಏಳಕ್ಕೆ ಬಂದು, ಮಾರನೇ ದಿನವೆಲ್ಲ ಒಗೆಯುವುದು, ಎಣ್ಣೆ ಹಾಕುವುದು, ಸಾಮಾನು ಹುಡುಕುವುದು ಅಂತ ಓಡಾಡಿದರೆ ಅದು ವಿಶ್ರಾಂತಿಯ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಹಿಂದಿನ ದಿನದ ಸವಾರಿ ಚಿಕ್ಕದಿರಲಿ. ನಿಮ್ಮ ದಾರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕೊಪ್ಪದಿಂದ ತೀರ್ಥಹಳ್ಳಿಗೆ 30 ಕಿಲೋಮೀಟರ್ ಆಸುಪಾಸು. ಆ ದಾರಿಯಲ್ಲೇ ಸ್ವಲ್ಪ ಒಳಗೆ ತಿರುಗಿದರೆ ಕುಪ್ಪಳಿ. ಬೆಳಿಗ್ಗೆ ಹೊರಟು ಕವಿಮನೆ ನೋಡಿ, ಕವಿಶೈಲದ ಬಂಡೆಗಳ ಹತ್ತಿರ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಸೇರಬಹುದು. ನೋಡುವುದನ್ನೆಲ್ಲ ತುಳಿಯುವ ದಿನದಲ್ಲೇ ನೋಡಿ ಮುಗಿಸಿ. ಅವತ್ತೇ ಸಂಜೆ ಬಟ್ಟೆ, ಸೈಕಲ್ ಎರಡರ ಕೆಲಸವೂ ಆಗಿಬಿಡಲಿ.

ಮಾರನೇ ದಿನ ಅಲಾರಂ ಬೇಡ. ಪಂಚೆ ಉಟ್ಟುಕೊಂಡು ಓಡಾಡಿ. ಸುಮ್ನೆ ಹೇಳುತ್ತಿಲ್ಲ. ದಿನವೂ ಬಿಗಿ ಚಡ್ಡಿಯಲ್ಲಿ ಬೆವೆತು ಉಜ್ಜಿ ಕೆಂಪಾದ ಜಾಗಕ್ಕೆ ಗಾಳಿ ಆಡಬೇಕು, ಒಣಗಿರಬೇಕು. ಹಗುರ ಹತ್ತಿ ಬಟ್ಟೆಗಿಂತ ಒಳ್ಳೆಯ ಔಷಧಿ ಅದಕ್ಕಿಲ್ಲ. ಹೊಟ್ಟೆ ತುಂಬ ತಿಂಡಿ ತಿನ್ನಿ. ಕಡುಬು ಸಿಕ್ಕರೆ ಬಿಡಬೇಡಿ. ಆಮೇಲೆ ಹೊಳೆಯ ಕಡೆ ನಿಧಾನಕ್ಕೆ ನಡೆಯಿರಿ. ಕಮಾನು ಸೇತುವೆ, ರಾಮತೀರ್ಥ, ಮಂಟಪ, ಎಲ್ಲ ಪೇಟೆಗೆ ಅಂಟಿಕೊಂಡೇ ಇವೆ. ಮಳೆ ಹೋದ ಮೇಲೆ ತುಂಗೆ ತಿಳಿಯಾಗಿ ಬಂಡೆಗಳ ನಡುವೆ ಹರಿಯುತ್ತಾಳೆ. ಬಂಡೆಯ ಬಿಸಿಲು ಮುಖದಲ್ಲಿ ಕೂತು ಮೊಣಕಾಲವರೆಗೆ ನೀರಿಗೆ ಬಿಟ್ಟರೆ ಮೊದಲು ಹಿಮ್ಮಡಿ ಜುಂ ಅನ್ನುತ್ತದೆ, ಆಮೇಲೆ ಮೀನಖಂಡದ ಬಿಗಿ ಒಂದೊಂದೇ ಎಳೆ ಸಡಿಲವಾಗುತ್ತದೆ. ಸಣ್ಣ ಮೀನುಗಳು ಬಂದು ಬೆರಳು ಮುಟ್ಟಿ ಓಡುತ್ತವೆ. ಈಜಲು ಮಾತ್ರ ಹೋಗಬೇಡಿ. ಬಂಡೆ ಜಾರುತ್ತದೆ, ಸೆಳೆತ ಮೇಲಿಂದ ಕಾಣುವುದಿಲ್ಲ. ಊಟಕ್ಕೆ ವಾಪಸ್ ಬಂದು ಮಲಗಿಬಿಡಿ.

ಒಂದು ಎಚ್ಚರ. ಎಳ್ಳಮಾವಾಸ್ಯೆಯ ಜಾತ್ರೆ ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ಕ್ಯಾಲೆಂಡರ್ ನೋಡಿಕೊಂಡು ಹೊರಡಿ.

ಗಿಯರ್ ಹಲ್ಲು

ತುಂಗಾತೀರ ಅವರ ಎಲ್ಲ ಮಾತೂ ಒಪ್ಪಿಗೆ, ಒಂದು ಬಿಟ್ಟು. ಪೂರ್ತಿ ದಿನ ಕೂರುವುದು ನನಗೆ ಆಗಿ ಬರುವುದಿಲ್ಲ. ಮಾರನೇ ಬೆಳಿಗ್ಗೆ ಕಾಲು ಬಿಗಿದಿರುತ್ತದೆ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನವರನ್ನು ನೋಡಿ, 21 ಹಂತಗಳ ನಡುವೆ ಸಾಮಾನ್ಯವಾಗಿ ಎರಡೇ ವಿಶ್ರಾಂತಿ ದಿನ. ಆ ದಿನವೂ ಅವರು ಹಗುರವಾಗಿ ಒಂದೆರಡು ಗಂಟೆ ತುಳಿಯುತ್ತಾರೆ. ಬ್ಯಾಗ್ ಕಳಚಿಟ್ಟು, ಸಣ್ಣ ಗಿಯರಿನಲ್ಲಿ, ಮಾತಾಡುತ್ತ ಹೋಗುವ ವೇಗದಲ್ಲಿ ಮುಕ್ಕಾಲು ಗಂಟೆ ತುಳಿದು ಬನ್ನಿ. ರಕ್ತ ಓಡಾಡಬೇಕು.

ತುಂಗಾತೀರ

ಅವರಿಗೆ ಮಾಲೀಶಿನವರು, ಅಡುಗೆಯವರು, ಸೈಕಲ್ ತೊಳೆಯುವವರು ಎಲ್ಲ ಇದ್ದಾರೆ ಅಣ್ಣ. ನಮ್ಮವರು ತುಳಿದು ಬಂದು ಬಟ್ಟೆಯನ್ನೂ ತಾವೇ ಹಿಂಡಬೇಕು. ಸೀಟಿನ ಜಾಗ ಕೆಂಪಾಗಿದ್ದರೆ ಮುಕ್ಕಾಲು ಗಂಟೆಯೂ ಬೇಡ. ನಡೆಯಲಿ, ಅದು ಸಾಕು. ಚರ್ಮ ಚೆನ್ನಾಗಿದ್ದು ಕಾಲು ಮಾತ್ರ ಬಿಗಿದಿದ್ದರೆ ನಿಮ್ಮ ಮಾತು ಸರಿ.

ಸಾಗರದವಳು

ಎರಡನೇ ನಿಲುಗಡೆಗೆ ನಮ್ಮೂರಿಗೆ ಬನ್ನಿ. ಗಿಯರ್ ಹಲ್ಲು ಅವರ ಹಗುರ ಸವಾರಿಗೆ ಸಾಗರದಷ್ಟು ಅನುಕೂಲ ಬೇರೆ ಇಲ್ಲ. ಇಕ್ಕೇರಿ 6 ಕಿಲೋಮೀಟರ್. ಕೆಳದಿ ಅರಸರು ಕಟ್ಟಿಸಿದ ಅಘೋರೇಶ್ವರ ದೇವಸ್ಥಾನ, ಎದುರಿಗೆ ನಂದಿ ಮಂಟಪ. ಬೆಳಿಗ್ಗೆ ಬೇಗ ಹೋದರೆ ಜನ ಇರುವುದಿಲ್ಲ. ಕಲ್ಲು ತಣ್ಣಗಿರುತ್ತದೆ, ಕೂತುಬಿಡಬಹುದು. ಇನ್ನೊಂದು ಕಡೆ ಹೆಗ್ಗೋಡು, ಅದೂ ದೂರವಿಲ್ಲ. ನೀನಾಸಂ ನಾಟಕ ಸಂಸ್ಥೆ ಅಲ್ಲೇ ಇರುವುದು, 1949ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಡೀ ತಾಲ್ಲೂಕು ಹೆಮ್ಮೆ ಪಟ್ಟಿತ್ತು. ನಿಮ್ಮ ದಿನಕ್ಕೆ ನಾಟಕ ಇದೆಯಾ ಅಂತ ಮೊದಲೇ ವಿಚಾರಿಸಿ. ಇದ್ದರೆ ನಿಮ್ಮ ಪುಣ್ಯ.

ಇನ್ನೊಂದು ಮಾತು. ನೀವು ಬರುವ ಹೊತ್ತಿಗೆ ಅಡಿಕೆ ಕೊಯ್ಲು ಜೋರಾಗಿರುತ್ತದೆ. ಹಳ್ಳಿ ಕಡೆ ಹೋಂಸ್ಟೇಯಲ್ಲಿ ಉಳಿದರೆ ಸಂಜೆ ಸುಲಿಯುವುದನ್ನು ನೋಡಿ. ಚಪ್ಪರದಡಿ ಲೈಟು ಹಾಕಿಕೊಂಡು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟು ಕೂತಿರುತ್ತಾರೆ. ಕಾಯಿ ಕತ್ತಿಗೆ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೈ ಎಲ್ಲಿ ತಿರುಗಿತು ಅಂತ ಗೊತ್ತೇ ಆಗುವುದಿಲ್ಲ. ಕೂಲಿ ಡಬ್ಬದ ಲೆಕ್ಕ. ಹಿತ್ತಲಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಮನೆಯೆಲ್ಲ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರೆ ಬೇಡ ಅನ್ನುವುದಿಲ್ಲ. ಕೆಲಸದವರ ಫೋಟೋ ತೆಗೆಯುವ ಮೊದಲು ದಯವಿಟ್ಟು ಕೇಳಿ. ಅವರು ಬೆಳಗಿನಿಂದ ದುಡಿದವರು.

ಅರ್ಧದಾರಿ

ತುಂಬ ಉಪಕಾರ. ಹಾಗಾದರೆ ಜೋಗ ಬಿಟ್ಟೇ ಹೋಗಬೇಕಾ?

ಸಾಗರದವಳು

ಯಾಕೆ ಬಿಡುತ್ತೀರಿ? ಸಾಗರದಿಂದ ಸಿದ್ದಾಪುರಕ್ಕೆ ಹೋಗುವ ದಿನ ತಾಳಗುಪ್ಪದ ಹತ್ತಿರ ಜೋಗದ ಕಡೆ ತಿರುಗಿ. ಸಾಗರದಿಂದ 30 ಕಿಲೋಮೀಟರ್. ನೋಡಿಕೊಂಡು ಮಾವಿನಗುಂಡಿ ಮೇಲೆ ಸಿದ್ದಾಪುರ ಸೇರಬಹುದು. ಆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುವುದನ್ನು ನವೆಂಬರ್ ಕೊನೆಯಲ್ಲಿ ನಿರೀಕ್ಷಿಸಬೇಡಿ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ನೀರು ವಿದ್ಯುತ್ತಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಧಾರೆ ತೆಳ್ಳಗಾಗುತ್ತದೆ. 253 ಮೀಟರ್ ಬಂಡೆಯ ಗೋಡೆ ಆಗಲೇ ಪೂರ್ತಿ ಕಾಣುವುದು, ಅದೂ ಚಂದವೇ. ಕೆಳಗಿನ ಮೆಟ್ಟಿಲು ಇಳಿಯಲು ಮಾತ್ರ ಹೋಗಬೇಡಿ. ಹತ್ತುವಾಗ ತೊಡೆ ಖಾಲಿಯಾಗುತ್ತದೆ, ಮುಂದೆ ಸಿದ್ದಾಪುರದ ಏರಿಳಿತ ಕಾದಿರುತ್ತದೆ.

ಮಂಡಿ ಮಾತು

ಫಿಸಿಯೋಥೆರಪಿ ನನ್ನ ಕೆಲಸ. ಸೈಕಲಿಗರು ಬರುತ್ತಿರುತ್ತಾರೆ. ಎಲ್ಲಿ ನಿಲ್ಲಬೇಕು ಅನ್ನುವುದರ ಜೊತೆ ಯಾವಾಗ ನಿಲ್ಲಬೇಕು ಅನ್ನುವುದೂ ನೋಡಿ. ಐದಾರು ದಿನಕ್ಕೊಂದು ವಿಶ್ರಾಂತಿ ಅನ್ನುವುದು ಒಳ್ಳೆಯ ಅಂದಾಜು. ಆದರೆ ಮೈ ಕ್ಯಾಲೆಂಡರ್ ನೋಡುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆ ಬಿಡುವ ಮೊದಲೇ ನಾಡಿ ಎಣಿಸಿ. ದಿನದ ಲೆಕ್ಕಕ್ಕಿಂತ ನಿಮಿಷಕ್ಕೆ ಎಂಟು ಹತ್ತು ಜಾಸ್ತಿ ಇದ್ದರೆ, ಜೊತೆಗೆ ನಿದ್ದೆ ಸರಿಯಾಗಿಲ್ಲ, ಊಟ ಸೇರುತ್ತಿಲ್ಲ, ಸಣ್ಣದಕ್ಕೂ ಸಿಟ್ಟು ಅಂತಾದರೆ, ಅವತ್ತು ಕೊಪ್ಪದಲ್ಲಿದ್ದರೂ ಸರಿ, ಬಾಳೆಹೊನ್ನೂರಿನಲ್ಲಿದ್ದರೂ ಸರಿ, ಅಲ್ಲೇ ನಿಲ್ಲಿ.

ಮಲೆನಾಡಿನ ದಾರಿ ಮೋಸ ಮಾಡುತ್ತದೆ. ದೊಡ್ಡ ಘಾಟಿ ಇಲ್ಲದ ದಿನವೂ ಇಡೀ ದಿನ ಚಡಾವು, ಇಳಿಜಾರು, ಮತ್ತೆ ಚಡಾವು. ಒಂದೇ ಲಯ ಸಿಗುವುದಿಲ್ಲ, ಮಂಡಿಗೆ ಪೆಟ್ಟು ಅಲ್ಲೇ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆಯಾ ನೋಡಿ. ಹಿಂಭಾಗ ನೋಯುತ್ತಿದ್ದರೆ ಎತ್ತರ ಜಾಸ್ತಿಯಾಗಿರಬಹುದು. ಒಂದೇ ಸಲ ಬಹಳ ಬದಲಿಸಬೇಡಿ, ಕೆಲವೇ ಮಿಲಿಮೀಟರ್ ಸಾಕು. ಕಿರುಬೆರಳು ಮರಗಟ್ಟುತ್ತಿದ್ದರೆ ಹ್ಯಾಂಡಲ್ ಮೇಲೆ ಅಂಗೈ ಒತ್ತುವುದು ಜಾಸ್ತಿಯಾಗಿದೆ ಅಂತ ಅರ್ಥ. ವಿಶ್ರಾಂತಿ ದಿನ ಆ ಕೈಯಲ್ಲಿ ಫೋನ್ ಹಿಡಿದು ಗಂಟೆಗಟ್ಟಲೆ ಕೂರಬೇಡಿ.

ಊಟ ಕಡಿಮೆ ಮಾಡಬೇಡಿ. ತುಳಿಯಲಿಲ್ಲ, ಯಾಕೆ ತಿನ್ನಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟ ಸಕ್ಕರೆ, ತುಂಬಿಕೊಳ್ಳಲು ಸುಮಾರು ಒಂದು ದಿನ ಬೇಕು, ಅದೂ ಅನ್ನ, ರೊಟ್ಟಿ, ಹಣ್ಣು ಚೆನ್ನಾಗಿ ತಿಂದರೆ. ಅಕ್ಕಿರೊಟ್ಟಿ, ಹುರುಳಿಕಾಳು ಸಾರು, ಬೇಕಿದ್ದರೆ ಮೊಟ್ಟೆ. ಮಧ್ಯಾಹ್ನಕ್ಕೆ ಅನ್ನ, ತಂಬುಳಿ. ನೀರು ಕುಡಿಯುವುದನ್ನೂ ನಿಲ್ಲಿಸಬೇಡಿ.

ಕೀಲೆಣ್ಣೆ

ಸೈಕಲ್ ಕೆಲಸ ಬಂದ ದಿನ ಸಂಜೆಯೇ ಅನ್ನುವುದಕ್ಕೆ ನನ್ನದೂ ಓಟು. ಯಾಕೆಂದರೆ ಏನಾದರೂ ಮುರಿದಿರುವುದು ಆಗಲೇ ಗೊತ್ತಾದರೆ ತರಿಸಿಕೊಳ್ಳಲು ಒಂದು ದಿನ ಕೈಯಲ್ಲಿರುತ್ತದೆ. ಕೆಂಪು ಮಣ್ಣಿನ ಧೂಳು ಎಣ್ಣೆಗೆ ಸೇರಿ ಚೈನಿನಲ್ಲಿ ಕಪ್ಪು ಅಂಟಾಗಿ ಕೂರುತ್ತದೆ, ಹಲ್ಲು ಸವೆಯುವುದು ಅದರಿಂದಲೇ. ಹಳೇ ಬ್ರಷ್, ಸ್ವಲ್ಪ ಡೀಸೆಲ್, ಬಟ್ಟೆ ಚೂರು. ಉಜ್ಜಿ, ಪೂರ್ತಿ ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದೇ ಹನಿ ಎಣ್ಣೆ. ಡೀಸೆಲ್ ಬ್ರೇಕ್ ಡಿಸ್ಕಿಗೆ ತಾಗಬಾರದು. ಬ್ರೇಕ್ ಪ್ಯಾಡ್ ಬಿಚ್ಚಿ ಕಣ್ಣಾರೆ ನೋಡಿ. ಘಾಟಿ ಇಳಿಯುವಾಗ ಭಾರದ ಸೈಕಲ್‌ಗೆ ಅದೇ ಜೀವ. ಟಯರ್ ಮೇಲೆ ಬೆರಳಾಡಿಸಿ ಗಾಜು, ಮುಳ್ಳು ಇದೆಯಾ ನೋಡಿ.

ನಮ್ಮ ಪೇಟೆಯ ಸೈಕಲ್ ಶಾಪಿನವರು ರಿಮ್ಮಿನ ಡೊಂಕು ತೆಗೆಯುವುದು, ಕಡ್ಡಿ ಹಾಕುವುದು ಅಚ್ಚುಕಟ್ಟಾಗಿ ಮಾಡುತ್ತಾರೆ. ಡಿಸ್ಕ್ ಪ್ಯಾಡ್, ಸಣ್ಣ ವಾಲ್ವಿನ ಟ್ಯೂಬ್ ಮಾತ್ರ ಅಲ್ಲಿ ಸಿಗುತ್ತದೆ ಅಂತ ನಂಬಬೇಡಿ, ಮನೆಯಿಂದಲೇ ಒಯ್ಯಿರಿ. ಮುಗಿದರೆ ಬೆಂಗಳೂರಿನ ಗೆಳೆಯರಿಗೆ ಹೇಳಿ ಬಸ್ಸಿಗೆ ಹಾಕಿಸಿ. ಕೆಎಸ್‌ಆರ್‌ಟಿಸಿಯವರ ‘ನಮ್ಮ ಕಾರ್ಗೋ’ 2021ರಿಂದ ಇದೆ. ಶಿವಮೊಗ್ಗದವರೆಗೆ ಪಾರ್ಸೆಲ್ ಬಂದರೆ ಅಲ್ಲಿಂದ ಬಸ್ಸಿನಲ್ಲಿ ಹೋಗಿ ತರಬಹುದು.

ಹಂಡೆ ಒಲೆ

ಬಟ್ಟೆ ಒಣಗುವ ವಿಷಯಕ್ಕೆ ಒಂದು ಮಾತು. ಹೋಂಸ್ಟೇ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಇದ್ದರೆ ಕೇಳಿ ನೋಡಿ, ಅಲ್ಲಿ ಹಗ್ಗ ಕಟ್ಟಿರುತ್ತಾರೆ. ನಾವು ಮಳೆಗಾಲ ಪೂರ್ತಿ ಬಟ್ಟೆ ಒಣಗಿಸುವುದು ಹಾಗೆಯೇ. ಜರ್ಸಿ, ಕಾಲುಚೀಲ ಹಾಕಬಹುದು, ಸ್ವಲ್ಪ ದೂರದಲ್ಲಿ. ಸೈಕಲ್ ಚಡ್ಡಿಯ ಮೆತ್ತೆ ಬಿಸಿಗೆ ಹಾಳಾಗುತ್ತದೆ, ಅದನ್ನು ಒಳಮುಖ ತಿರುಗಿಸಿ ಗಾಳಿಗೆ ಹಾಕಿ. ಶೂ ಒಳಗೆ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ.

ಒಂಟಿ ಪೆಡಲ್

ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗಾಗಿ. ನಾನು ಒಬ್ಬಳೇ ತಿರುಗುತ್ತೇನೆ. ತಾಲ್ಲೂಕು ಪೇಟೆ ಅನ್ನುವ ಸಲಹೆ ನಮಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಮುಖ್ಯ ರಸ್ತೆಯ, ಸಂಸಾರಸ್ಥರು ಉಳಿಯುವ ಲಾಡ್ಜ್, ಇಲ್ಲವೇ ಮನೆಯವರೇ ನಡೆಸುವ ಹೋಂಸ್ಟೇ ನೋಡಿ. ಸಂಜೆಗೆ ಮೊದಲೇ ಸೇರಿ, ಹಗಲು ಬೆಳಕಿನಲ್ಲಿ ಕೋಣೆಯ ಚಿಲಕ ನೋಡಿ. ವಿಶ್ರಾಂತಿ ದಿನವನ್ನು ಮುಟ್ಟಿನ ದಿನಕ್ಕೆ ಹೊಂದಿಸಿ ಹಾಕಿಕೊಳ್ಳಿ, ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ ಅಂತಲೂ ಲೆಕ್ಕ ಇರಲಿ. ಮೊದಲ ದಿನ ಹೊಟ್ಟೆನೋವಿನ ಜೊತೆ ಚಡಾವು ಹತ್ತಬೇಕು ಅಂತ ಯಾವ ನಿಯಮವೂ ಇಲ್ಲ. ಹತ್ತಿರ ಬಿಸಿನೀರು, ಮೆಡಿಕಲ್, ಶುಚಿಯಾದ ಬಚ್ಚಲು ಇದ್ದರೆ ಆ ದಿನ ನೆಮ್ಮದಿಯಾಗಿ ಕಳೆಯುತ್ತದೆ.

ನಾನು ವಿಶ್ರಾಂತಿಯ ಊರಿನಲ್ಲಿ ಒಂದೇ ಮೆಸ್ಸಿಗೆ ಮೂರು ಹೊತ್ತೂ ಹೋಗುತ್ತೇನೆ. ರಾತ್ರಿ ಹೊತ್ತಿಗೆ ಬಡಿಸುವ ಅಕ್ಕನಿಗೆ ನನ್ನ ಊರು, ಮನೆ, ಮುಂದಿನ ದಾರಿ ಎಲ್ಲ ಗೊತ್ತಾಗಿರುತ್ತದೆ. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀಯಾ ಅಂತ ಕೇಳುತ್ತಾಳೆ. ಅಪರಿಚಿತ ಊರಿನಲ್ಲಿ ಒಬ್ಬರಿಗಾದರೂ ನನ್ನ ಲೆಕ್ಕ ಇದೆ ಅನ್ನುವುದು ದೊಡ್ಡ ಧೈರ್ಯ.

ಪಿಎಚ್‌ಸಿ ಅಣ್ಣ

ಆರೋಗ್ಯ ಇಲಾಖೆಯ ಕೆಲಸದವನಾಗಿ ಒಂದು ಎಚ್ಚರಿಕೆ. ವಿಶ್ರಾಂತಿ ದಿನ ಅಂತ ಕಾಡಿನೊಳಗೆ ಹೊಕ್ಕು ತರಗೆಲೆ ಮೇಲೆ ಮಲಗಬೇಡಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚುವುದರಿಂದ ಬರುತ್ತದೆ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಅಂದರೆ ನಿಮ್ಮ ಪ್ರವಾಸ ಆ ಕಾಲದ ಅಂಚಿನಲ್ಲಿದೆ. ರಸ್ತೆ ಮೇಲೆ ಸೈಕಲ್ ತುಳಿದರೆ ಹೆದರಬೇಕಾಗಿಲ್ಲ. ಕಾಡಿಗೆ ಇಳಿದರೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ. ಮುಂದೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಉಂಬಳ ನವೆಂಬರ್ ಕೊನೆಗೆ ಕಡಿಮೆಯಾಗಿರುತ್ತದೆ. ಹಸಿ ಜಾಗದಲ್ಲಿ ಹತ್ತಿದರೂ ಗಾಬರಿ ಬೇಡ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಸಹ್ಯಾದ್ರಿ ಸುತ್ತಾಟ

ಎಲ್ಲ ಓದಿದೆ. ಕೊಡಚಾದ್ರಿಯ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆಗುಂಬೆಗೆ ಮಾತ್ರ ನನ್ನ ಮನಸ್ಸು ಈಗಲೂ ಎಳೆಯುತ್ತದೆ. ತೀರ್ಥಹಳ್ಳಿಯಿಂದ ಸಂಜೆ ಬಸ್ಸಿನಲ್ಲಿ ಹೋಗಿ ಬರಬಹುದಲ್ಲ, ಕಾಲಿಗೆ ಶ್ರಮ ಇಲ್ಲ.

ತುಂಗಾತೀರ

ಹೋಗಬಹುದು. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಸ್ಟ್ಯಾಂಡಿನಲ್ಲಿ ಕೇಳಿಕೊಂಡೇ ಹತ್ತಿ. ಮಧ್ಯಾಹ್ನ ನಿದ್ದೆ ಬಂದರೆ ನಿದ್ದೆಗೆ ಮೊದಲ ಸ್ಥಾನ.

ಅರ್ಧದಾರಿ

ತೀರ್ಥಹಳ್ಳಿ, ಸಾಗರ ಎರಡಲ್ಲೂ ಎರಡೆರಡು ರಾತ್ರಿ ಅಂತ ಬರೆದುಕೊಂಡೆ. ಇನ್ನೊಂದು ಅನುಮಾನ. ವಿಶ್ರಾಂತಿಯ ಮಾರನೇ ದಿನ ಕಾಲು ಭಾರ ಅನ್ನಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗ ಏನು ಮಾಡುವುದು?

ಮಂಡಿ ಮಾತು

ಅದು ಸಹಜ. ಮೊದಲ ಮುಕ್ಕಾಲು ಗಂಟೆ ನಿಮ್ಮ ವೇಗ ನೋಡಬೇಡಿ. ಸಣ್ಣ ಗಿಯರ್, ಕಾಲು ಬೇಗ ಬೇಗ ತಿರುಗಲಿ, ಒತ್ತಡ ಬೇಡ. ಉಸಿರು ಹದಕ್ಕೆ ಬಂದ ಮೇಲೆ ಭಾರ ತಾನಾಗಿ ಕಳೆಯುತ್ತದೆ. ಆ ದಿನದ ಸವಾರಿಯೂ ಚಿಕ್ಕದಿರಲಿ. ತೀರ್ಥಹಳ್ಳಿಯಿಂದ ಹೊಸನಗರದವರೆಗೆ ಹೋಗಿ ನಿಂತರೂ ತಪ್ಪಿಲ್ಲ.

ಕೌಂಟರ್ ಪಕ್ಕ

ನಾನು ಸಣ್ಣ ಲಾಡ್ಜ್ ನಡೆಸುತ್ತೇನೆ. ಸೈಕಲಿನವರು ಬಂದರೆ ನಮಗೆ ಖುಷಿ. ಎರಡೇ ಕೋರಿಕೆ. ಮಣ್ಣಿನ ಸೈಕಲ್ ಒಳಗೆ ತರುವ ಮೊದಲು ಹಿಂದಿನ ನಲ್ಲಿಯಲ್ಲಿ ತೊಳೆಯಿರಿ, ಬಕೆಟ್ ನಾವೇ ಕೊಡುತ್ತೇವೆ. ಚೈನ್ ಒರೆಸಲು ಕೋಣೆಯ ಟವೆಲ್ ಬಳಸಬೇಡಿ. ಆ ಕಪ್ಪು ಎಷ್ಟು ಒಗೆದರೂ ಹೋಗುವುದಿಲ್ಲ, ಒಗೆಯುವ ಹೆಂಗಸಿನ ಬೆರಳು ಸವೆಯುತ್ತದೆ. ಹಳೇ ಬಟ್ಟೆ ಕೇಳಿ, ಕೊಡುತ್ತೇವೆ.

ಫೋನ್ ಮಾಡುವಾಗ ಸೈಕಲ್ ಇದೆ ಅಂತ ಮೊದಲೇ ಹೇಳಿದರೆ ಕೆಳಗಿನ ಮಹಡಿಯಲ್ಲಿ ಜಾಗ ಇಟ್ಟಿರುತ್ತೇವೆ. ಕೋಣೆ ಮಾತ್ರ ಮೇಲಿನದು, ಹಿಂಬದಿಯದು ಕೇಳಿ. ರಸ್ತೆ ಕಡೆಯ ಕೋಣೆಯಾದರೆ ಬೆಳಿಗ್ಗೆ ಐದರಿಂದಲೇ ಬಸ್ಸಿನ ಹಾರ್ನ್ ಶುರುವಾಗುತ್ತದೆ, ನೀವು ಅಲಾರಂ ಇಡದಿದ್ದರೂ ಎಬ್ಬಿಸುತ್ತದೆ.